ಶುಗರ್ ಗುಳಿಗಿ, ಗ್ಯಾಸ್ ಗುಳಿಗಿ, ಬಿಪಿ ಗುಳಿಗಿ: ವರ್ಷಾನುಗಟ್ಲೆ ತಗೊಂಡ್ರ ಮೈಯಾಗ ಏನ್ ಕಮ್ಮಿ ಆಗ್ತದ?

ಸೇಡಂ ರೋಡ್

ಎಲ್ಲಾರಿಗೂ ಶರಣಾರ್ಥಿ. ನಮ್ಮಪ್ಪಾರಿಗೆ ಸಕ್ರಿ ಬ್ಯಾನಿ ಬಂದು ಹತ್ತು ವರ್ಷದ ಮ್ಯಾಲಾಯ್ತು. ಮೆಟ್‌ಫಾರ್ಮಿನ್ 1000 ಮುಂಜಾನಿ-ರಾತ್ರಿ, ಬಿಪಿಗೆ ಟೆಲ್ಮಿಸಾರ್ಟನ್-ಎಚ್, ಗ್ಯಾಸಿಗೆ ಎದ್ದ ಕೂಡ್ಲೆ ಖಾಲಿ ಹೊಟ್ಟಿಗೆ ಪ್ಯಾಂಟೊಪ್ರಜೋಲ್. ಶುಗರ್ ಕಂಟ್ರೋಲಿನಾಗೇ ಅದ, ಮೂರು ತಿಂಗಳ ಸರಾಸರಿ 7ರ ಒಳಗ. ಆದ್ರ ಹೋದ ದೀಪಾವಳಿಯಿಂದ ಅಂಗಾಲು ಉರಿ. ರಾತ್ರಿ ಕಾಲು ಜುಮ್ ಜುಮ್ ಅಂತಾವ ಅಂತಾರ, ಚಪ್ಪಲ್ ಕಾಲಾಗಿಂದ ಜಾರಿದ್ದು ಅವರಿಗೆ ಗೊತ್ತಾಗೋದಿಲ್ಲ, ಹಿಂದ ಬರೋರು ಹೇಳ್ಬೇಕು.

ತೋರ್ಸಿದಲ್ಲೆಲ್ಲ "ಶುಗರ್ ನರಕ್ಕ ಹತ್ಯಾದ, ಇನ್ನ ಹಿಂಗೇ" ಅಂತ ಹೇಳಿ ರಾತ್ರಿಗೊಂದು ಗುಳಿಗಿ ಹೆಚ್ಚ ಮಾಡಿ ಕಳ್ಸ್ಯಾರ. ಮೊನ್ನೆ ಸೂಪರ್ ಮಾರ್ಕೆಟ್‌ದಾಗ ಮೆಡಿಕಲ್ ಮುಂದ ನಿಂತಾಗ ಬಾಜೂಕಿದ್ದೊಬ್ರು, "ಶುಗರ್ ಗುಳಿಗೀನೇ ಮೈಯಾಗಿನ ವಿಟಮಿನ್ ಬಿ12 ಕಮ್ಮಿ ಮಾಡ್ತದ, ಅದ್ರಿಂದಾನೂ ಕಾಲು ಉರೀತಾವ" ಅಂದ್ರು. ಖರೇ ಏನ್ರಿ? ಗೊತ್ತಿದ್ದವ್ರು ಹೇಳ್ರಿ.

ಹಳೇ ಬಾವಿ

ಖರೇನೇ ಅದ. ಈ ಇಂಗ್ಲಿಷ್ ಗುಳಿಗಿ ಎಲ್ಲಾ ವಿಷ. ನಮ್ಮ ಕಾಕಾ ಎಲ್ಲಾ ಬಿಟ್ಟು ಮೆಂತ್ಯ, ಬೇವಿನ ರಸಾ ತಗೊಳ್ಲಾಕತ್ತಾನ. ಆರಾಮ ಅದಾನ. ನೀವೂ ನಿಲ್ಸ್ರಿ.

ಮೆಡಿಕಲ್ ಕೌಂಟರ್

ಬಾವಿ ಅಣ್ಣಾ, ನಿಮ್ಮ ಕಾಕಾ ಶುಗರ್ ಕಡೀಕ ಯಾವಾಗ ನೋಡ್ಸ್ಯಾರ ಕೇಳಿ ಬರೀರಿ. ಗುಳಿಗಿ ಬಿಟ್ಟು ಆರಾಮ ಇದ್ದೀನಿ ಅಂದವರು ಆರು ತಿಂಗಳಾದ್ಮ್ಯಾಲ ಕಾಲಿನ ಗಾಯ ಕಟ್ಟಿಸ್ಕೊಳ್ಳಾಕ ಬ್ಯಾಂಡೇಜ್ ಕೇಳ್ಕೋತ ನಮ್ಮ ಕೌಂಟರಿಗೇ ಬರ್ತಾರ.

ಸೇಡಂ ರೋಡ್ ಅಣ್ಣಾರೆ, ಬಾಜೂದವರು ಹೇಳಿದ್ದು ಸುಳ್ಳಲ್ಲ. ಮೆಟ್‌ಫಾರ್ಮಿನ್ ಭಾಳ ವರ್ಷ ತಗೊಂಡವ್ರಿಗೆ ಬಿ12 ಕಮ್ಮಿ ಆಗೋದು ನಿನ್ನೆ ಮೊನ್ನೆ ಹೊಳೆದಿದ್ದಲ್ಲ, ದಶಕಗಳಿಂದ ಗೊತ್ತಿದ್ದದ್ದು. ಡೋಸ್ ಹೆಚ್ಚಿದ್ದಷ್ಟು, ವರ್ಷ ಹೆಚ್ಚಾದಷ್ಟು ಕಮ್ಮಿ ಆಗೋದೂ ಹೆಚ್ಚು. ನಿಮ್ಮಪ್ಪಾರದು ದಿನಕ್ಕ 2000, ಅದೂ ಹತ್ತು ವರ್ಷ. ಮ್ಯಾಲ ಗ್ಯಾಸ್ ಗುಳಿಗಿ ಬ್ಯಾರೆ. ಮೊದ್ಲ ಬಿ12 ರಕ್ತ ತಪಾಸ ಮಾಡ್ಸ್ರಿ. ಒಂದು ಮಾತು ನೆನಪಿಡ್ರಿ: ತಪಾಸಿಗಿಂತ ಮೊದ್ಲ ಬಿ12 ಸೂಜಿ ಮಾಡಿಸ್ಬ್ಯಾಡ್ರಿ, ಬಿ-ಕಾಂಪ್ಲೆಕ್ಸ್ ಗುಳಿಗೀನೂ ಶುರು ಮಾಡ್ಬ್ಯಾಡ್ರಿ. ಮೊದ್ಲ ಸೂಜಿ ಹಾಕಿಸಿ ಆಮ್ಯಾಲ ರಕ್ತ ಕೊಟ್ರ ರಿಪೋರ್ಟಿನಾಗ ಎಲ್ಲಾ ಛಲೋ ಕಾಣ್ತದ, ಮೊದ್ಲ ಎಷ್ಟಿತ್ತು ಅನ್ನೋದು ಕಡೀತನಕ ಗೊತ್ತಾಗಲ್ಲ. ನಮ್ಮ ಕಡೆ ಇದೇ ದೊಡ್ಡ ಗೋಳು. ಕೈಕಾಲು ಸೋತ್ರ ಸಾಕು, "ಒಂದು ತಾಕತ್ತಿನ ಕೆಂಪು ಸೂಜಿ ಹಾಕ್ರಿ" ಅಂತ ಬರ್ತಾರ. ಹಾಕೋರೂ ಹಾಕ್ತಾರ.

ಓಪಿಡಿ ಚೀಟಿ

ನಾನು ವೈದ್ಯೆ, ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಕೆಲಸ ಮಾಡುತ್ತೇನೆ. ಮೆಡಿಕಲ್ ಕೌಂಟರ್ ಹೇಳಿದ್ದು ಸರಿ ಇದೆ. ಯಾಕೆ ಹೀಗಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದು ಗೊತ್ತಾದರೆ ಇಲ್ಲಿ ಮುಂದೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನೇ ಸಿಗುತ್ತದೆ.

ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿರುವ ಬಿ12 ಅಲ್ಲಿನ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಹೊಟ್ಟೆಯ ಆಮ್ಲ ಅದನ್ನು ಬಿಡಿಸಬೇಕು. ಬಿಡಿಸಿದ ಮೇಲೆ ಹೊಟ್ಟೆಯೇ ತಯಾರಿಸುವ ಇನ್ನೊಂದು ಪ್ರೋಟೀನು ಅದನ್ನು ಹಿಡಿದು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಒಯ್ಯುತ್ತದೆ. ಅಲ್ಲಿ ಕ್ಯಾಲ್ಸಿಯಂ ನೆರವಿನಿಂದ ಒಳಗೆ ಹೋಗುತ್ತದೆ. ಮೆಟ್‌ಫಾರ್ಮಿನ್ ಅಡ್ಡ ಬರುವುದು ಈ ಕೊನೆಯ ಹಂತದಲ್ಲಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಅಡ್ಡ ಬರುವುದು ಮೊದಲ ಹಂತದಲ್ಲಿ, ಏಕೆಂದರೆ ಅವುಗಳ ಕೆಲಸವೇ ಆಮ್ಲ ಕಡಿಮೆ ಮಾಡುವುದು. ಅಪ್ಪಾಜಿ ಎರಡನ್ನೂ ತೆಗೆದುಕೊಳ್ಳುತ್ತಿದ್ದಾರೆ, ಅಂದರೆ ಎರಡೂ ಬಾಗಿಲು ಅರ್ಧ ಮುಚ್ಚಿವೆ.

ಇದು ತಡವಾಗಿ ಗೊತ್ತಾಗುವುದಕ್ಕೆ ಕಾರಣ ನಮ್ಮ ಯಕೃತ್ತು. ಅದರಲ್ಲಿ ವರ್ಷಗಟ್ಟಲೆ ಸಾಲುವಷ್ಟು ಬಿ12 ದಾಸ್ತಾನು ಇರುತ್ತದೆ. ಹೊಸದು ಬರುವುದು ಕಡಿಮೆಯಾದರೂ ಮೂರು, ನಾಲ್ಕು, ಐದು ವರ್ಷ ಹಳೆಯದರ ಮೇಲೇ ನಡೆಯುತ್ತದೆ. ಆಮೇಲೆ ಕಾಲು ಉರಿ ಶುರುವಾದಾಗ ಹತ್ತು ವರ್ಷದ ಹಿಂದೆ ಆರಂಭಿಸಿದ ಗುಳಿಗೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಕಾಲು ಉರಿ, ಜೋಮು ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ, ಬಿ12 ಕೊರತೆಯಿಂದಲೂ ಬರುತ್ತದೆ. ನೋಡಿದರೆ ಗುರುತು ಹತ್ತುವುದಿಲ್ಲ, ಎಷ್ಟೋ ಜನರಲ್ಲಿ ಎರಡೂ ಸೇರಿರುತ್ತವೆ. ಸಕ್ಕರೆಯಿಂದ ಕೆಟ್ಟ ನರ ಹಿಂದಿನ ಸ್ಥಿತಿಗೆ ಬರುವುದು ಕಷ್ಟ. ಬಿ12 ಕೊರತೆಯಿಂದ ಕೆಟ್ಟದ್ದು ಬೇಗ ಹಿಡಿದರೆ ಸುಧಾರಿಸುತ್ತದೆ. ಅದಕ್ಕೇ "ಶುಗರ್ ನರಕ್ಕೆ ಹತ್ತಿದೆ" ಎಂದು ಬರೆಯುವ ಮೊದಲು ಒಂದು ಬಿ12 ನೋಡಿ ಎನ್ನುವುದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನು ಮೆಟ್‌ಫಾರ್ಮಿನ್‌ನ ಸಾಮಾನ್ಯ ಅಡ್ಡಪರಿಣಾಮಗಳ ಸಾಲಿಗೆ ಸೇರಿಸಿ, ಲಕ್ಷಣ ಇದ್ದವರಿಗೆ ಪರೀಕ್ಷೆ ಮಾಡಿ ಎಂದಿತು. ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯಲ್ಲೂ ದೀರ್ಘಕಾಲ ಮೆಟ್‌ಫಾರ್ಮಿನ್ ಮೇಲಿರುವವರಿಗೆ ಆಗಾಗ ಬಿ12 ನೋಡಬೇಕು ಎಂದೇ ಇದೆ.

ಮೆಟ್‌ಫಾರ್ಮಿನ್ ಮಾತ್ರ ನಿಲ್ಲಿಸಬೇಡಿ. ಒಳ್ಳೆಯ ಔಷಧ, ಅಗ್ಗದ್ದು, ಕೊರತೆಯನ್ನು ಬೇರೆ ಕಡೆಯಿಂದ ತುಂಬಬಹುದು.

ಸೇಡಂ ರೋಡ್

ಡಾಕ್ಟ್ರೆ, ಭಾಳ ಉಪಕಾರ ಆಯ್ತು. ಹಿಮೋಗ್ಲೋಬಿನ್ 13 ಅದ ರಿ, ಅದಕ್ಕ "ರಕ್ತ ಛಲೋ ಅದ, ಬಿ12 ಯಾಕ ನೋಡ್ಬೇಕು" ಅಂತ ಲ್ಯಾಬಿನವರೇ ಅಂದ್ರು.

ಓಪಿಡಿ ಚೀಟಿ

ಅದೇ ಮೋಸ ಆಗುವ ಜಾಗ. ರಕ್ತ ಸರಿ ಇದ್ದೂ ನರ ಕೆಟ್ಟಿರಬಹುದು. ಫೋಲಿಕ್ ಆಸಿಡ್ (ಫೋಲೇಟ್ ಎಂಬ ವಿಟಮಿನ್) ಗುಳಿಗೆ ತೆಗೆದುಕೊಳ್ಳುತ್ತಿದ್ದರಂತೂ ರಕ್ತಹೀನತೆ ಮುಚ್ಚಿಹೋಗುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಇನ್ನೊಂದು: ಬಿ12 ಕಡಿಮೆಯಾದರೆ ಕೆಂಪು ಕಣ ದೊಡ್ಡದಾಗುತ್ತದೆ, ಕಬ್ಬಿಣ ಕಡಿಮೆಯಾದರೆ ಸಣ್ಣದಾಗುತ್ತದೆ. ಎರಡೂ ಕಡಿಮೆ ಇದ್ದವರ ರಿಪೋರ್ಟಿನಲ್ಲಿ ಕಣದ ಗಾತ್ರ ಸರಾಸರಿಗೆ ಬಂದು ನಾರ್ಮಲ್ ಎಂದು ಕಾಣುತ್ತದೆ. ಇದನ್ನು ಹೆಣ್ಣುಮಕ್ಕಳಲ್ಲಿ ಹೆಚ್ಚು ನೋಡುತ್ತೇವೆ.

ರಕ್ತದ ಬಿ12 ಅಂಕಿ ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಬಂದರೆ ಕೊರತೆ (ಪಿಕೋಗ್ರಾಂ/ಮಿ.ಲೀ. ಲೆಕ್ಕದಲ್ಲಿ). 200ರಿಂದ 300 ಗಡಿ, ಅಲ್ಲಿ ಲಕ್ಷಣ ನೋಡಿ ತೀರ್ಮಾನಿಸಬೇಕು. ನಾಲಿಗೆ ಕೆಂಪಾಗಿ ಖಾರ ತಿಂದರೆ ಉರಿಯುತ್ತದೆಯೇ, ಕತ್ತಲಲ್ಲಿ ನಡೆದರೆ ತೂರಾಡುತ್ತಾರೆಯೇ, ಇತ್ತೀಚೆಗೆ ಮರೆವು ಹೆಚ್ಚಿದೆಯೇ, ಕೇಳಿ ನೋಡಿ. ರಕ್ತಹೀನತೆ ಇದ್ದವರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಸಂಖ್ಯೆಯೂ ದಾರಿ ತಪ್ಪಿಸಬಹುದು. ಕಬ್ಬಿಣ ಅಥವಾ ಬಿ12 ಕೊರತೆಯಲ್ಲಿ ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಸಕ್ಕರೆ ಹೆಚ್ಚಾಯಿತು ಎಂದು ಗುಳಿಗೆ ಏರಿಸಿದವರೂ ಇದ್ದಾರೆ.

ಜೋಳದ ಚೀಲ

ನಾವು ಮಡಿಮೈಲಿಗಿ ಮಂದಿ, ಮಟನ್, ತತ್ತಿ ಯಾವ್ದೂ ಇಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಮೊಸರು. ನಮ್ಮ ತೊಗರಿಗೆ 2019ರಾಗ ಜಿಐ ಟ್ಯಾಗೇ (ಊರಿನ ಹೆಸರಿನ ಸರ್ಕಾರಿ ಗುರುತು) ಸಿಕ್ಕದ, ಅಷ್ಟು ಛಲೋ ಬ್ಯಾಳಿ ತಿಂತೀವಿ. ಹಂಗಿದ್ರೂ ಕಮ್ಮಿ ಆಗ್ತದ ಏನ್ರಿ?

ಮೆಡಿಕಲ್ ಕೌಂಟರ್

ಬ್ಯಾಳಿಯಾಗ ಪ್ರೋಟೀನ್ ಅದ, ಫೋಲೇಟ್ ಅದ, ಬಿ12 ಇಲ್ರಿ. ರೊಟ್ಟಿಯಾಗ ಇಲ್ಲ, ಪುಂಡಿಯಾಗ ಇಲ್ಲ, ಶೇಂಗಾದಾಗ ಇಲ್ಲ. ಗಿಡದಾಗ ಬೆಳೆಯೋ ಯಾವ್ದ್ರಾಗೂ ಲೆಕ್ಕಕ್ಕ ಹಿಡಿಯೋವಷ್ಟು ಇಲ್ಲ. ನಿಮ್ಮ ಪಾಲಿಗೆ ಹಾಲು-ಮೊಸರು ಒಂದೇ ದಾರಿ. ಒಂದು ದೊಡ್ಡ ಲೋಟ ಹಾಲಿನಾಗ ಸುಮಾರು 1 ಮೈಕ್ರೋಗ್ರಾಂ ಬರ್ತದ, ದಿನಕ್ಕ ಬೇಕಾಗೋದು ಎರಡರ ಮ್ಯಾಲ ಚೂರು. ಚಹಾದಾಗ ಹಾಕೋ ಹಾಲು, ನೀರು ಹಾಕಿ ಕಡೆದ ಮಜ್ಜಿಗಿ ಲೆಕ್ಕಕ್ಕ ಹಿಡೀಬ್ಯಾಡ್ರಿ.

ಅಂದ್ರ ಶಾಕಾಹಾರಿ ಮಂದಿ ಗುಳಿಗಿ ಶುರು ಮಾಡೋಕಿಂತ ಮೊದ್ಲೇ ಅಂಚಿನ ಮ್ಯಾಲ ಇರ್ತಾರ. ಅದ್ರ ಮ್ಯಾಲ ಮೆಟ್‌ಫಾರ್ಮಿನ್ ಬಂತಂದ್ರ ಹೇಳೋದೇ ಬ್ಯಾಡ.

ಹಸಿರು ಶಕ್ತಿ

ಸ್ಪಿರುಲಿನಾ ಪೌಡರ್ ತಗೊಳ್ರಿ, ಬಿ12 ಫುಲ್ ಅದ, 100% ನೈಸರ್ಗಿಕ. ನನ್ನ ನಂಬರಿಗೆ ಮೆಸೇಜ್ ಮಾಡ್ರಿ:

ವೇದಿಕೆ ಪಹರೆ

ಮೇಲಿನ ಪೋಸ್ಟಿನಲ್ಲಿದ್ದ ಫೋನ್ ನಂಬರು ತೆಗೆದಿದ್ದೇವೆ. ಪೌಡರ್ ವ್ಯಾಪಾರಕ್ಕೆ ಇಲ್ಲಿ ಜಾಗ ಇಲ್ಲ.

ಓಪಿಡಿ ಚೀಟಿ

ವ್ಯಾಪಾರ ಹೋಗಲಿ, ಹೇಳಿದ ಮಾತೂ ತಪ್ಪು. ಸ್ಪಿರುಲಿನಾ ಎಂಬ ನೀರಿನ ಪಾಚಿಯಲ್ಲಿ ಇರುವುದು ಬಹುಪಾಲು ಬಿ12ನ ಹುಸಿ ರೂಪ, ನಮ್ಮ ದೇಹಕ್ಕೆ ಕೆಲಸಕ್ಕೆ ಬರುವುದಿಲ್ಲ.

ಜೇವರ್ಗಿ ಸೊಸಿ

ಅಕ್ಕಾರೆ, ನಮ್ಮ ಅತ್ತಿಯವರಿಗೆ ಶುಗರ್ ಇಲ್ಲ, ಏನಿಲ್ಲ. ಆದ್ರ ಗ್ಯಾಸ್ ಗುಳಿಗಿ ಮಾತ್ರ ತಪ್ಪಲ್ಲ. ಆರೇಳು ವರ್ಷದ ಹಿಂದ ಪಿತ್ತಕೋಶದ ಆಪರೇಷನ್ ಆದಾಗ ಹದಿನೈದು ದಿನಕ್ಕ ಅಂತ ಬರ್ದು ಕೊಟ್ಟಿದ್ರು. ಚೀಟಿ ಹರಿದು ಹೋದ್ರೂ ಗುಳಿಗಿ ನಿಂತಿಲ್ಲ. ಖಾಲಿ ಆದ್ರ ಸಂತಿ ದಿನ ಮಾವನವರು ರ‍್ಯಾಪರ್ ತೋರ್ಸಿ ಹೊಸಾದು ತರ್ತಾರ. ಈಗ ರಾತ್ರಿ ಮೀನಖಂಡ ಹಿಡಿದು ಬಿಗೀತಾವ, ಎದಿ ಡಬ ಡಬ ಅಂತದ ಅಂತಾರ. ಇದಕ್ಕೂ ಗುಳಿಗಿಗೂ ಏನರ ಸಂಬಂಧ ಅದ ಏನ್ರಿ?

ಓಪಿಡಿ ಚೀಟಿ

ಇರಬಹುದು. ಎದೆ ಬಡಿತದ ಮಾತು ಬಂದಿರುವುದರಿಂದ ಮೊದಲು ಒಂದು ಇಸಿಜಿ, ಜೊತೆಗೆ ಮೆಗ್ನೀಸಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಪರೀಕ್ಷೆ. ಈ ವಾರವೇ ಮಾಡಿಸಿ. ಬಡಿತದ ಜೊತೆ ತಲೆಸುತ್ತು ಬಂದರೆ ವಾರ ಕಾಯಬೇಡಿ, ಆಗಲೇ ಹೋಗಿ.

ಈ ಗುಂಪಿನ ಗುಳಿಗೆಗಳನ್ನು ದೀರ್ಘಕಾಲ ತೆಗೆದುಕೊಂಡರೆ ರಕ್ತದಲ್ಲಿ ಮೆಗ್ನೀಸಿಯಂ ಕುಸಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಹೆಚ್ಚಿನವು ಒಂದು ವರ್ಷ ದಾಟಿದವರ ಪ್ರಕರಣಗಳು. ಅವುಗಳಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಮೆಗ್ನೀಸಿಯಂ ಕೊಟ್ಟರೂ ಏರಲಿಲ್ಲ, ಗ್ಯಾಸ್ ಗುಳಿಗೆ ನಿಲ್ಲಿಸಬೇಕಾಯಿತು. ಮೆಗ್ನೀಸಿಯಂ ಇಳಿದರೆ ಸ್ನಾಯು ಸೆಳೆತ, ಎದೆ ಬಡಿತ ಏರುಪೇರು, ತೀರಾ ಇಳಿದರೆ ಫಿಟ್ಸ್ ಕೂಡ. ಎರಡು ವರ್ಷ ದಾಟಿ ತೆಗೆದುಕೊಂಡವರಲ್ಲಿ ಬಿ12 ಕೊರತೆ ಹೆಚ್ಚು ಕಂಡಿದೆ. ಕಬ್ಬಿಣ ಹೀರುವುದಕ್ಕೂ ಆಮ್ಲ ಬೇಕು, ಅದೂ ಕಡಿಮೆಯಾಗುತ್ತದೆ.

ಹಾಗಂತ ನಾಳೆಯಿಂದಲೇ ಥಟ್ಟನೆ ಬಿಡಿಸಬೇಡಿ. ವರ್ಷಗಟ್ಟಲೆ ಒತ್ತಿ ಹಿಡಿದ ಆಮ್ಲ ಗುಳಿಗೆ ನಿಂತ ಕೂಡಲೇ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ಎರಡನೇ ದಿನವೇ ಎದೆ ಉರಿಯುತ್ತದೆ, "ನೋಡು, ನನಗೆ ಈ ಗುಳಿಗೆ ಇಲ್ಲದೆ ಆಗುವುದಿಲ್ಲ" ಎಂದು ಮತ್ತೆ ಶುರು ಮಾಡುತ್ತಾರೆ. ಡೋಸ್ ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ, ಹೀಗೆ ಕೆಲವು ವಾರಗಳಲ್ಲಿ ಇಳಿಸಬೇಕು. ಬರೆದುಕೊಟ್ಟವರನ್ನೋ ಹತ್ತಿರದ ಆರೋಗ್ಯ ಕೇಂದ್ರದವರನ್ನೋ ಕೇಳಿಕೊಂಡು ಮಾಡಿ. ಅತ್ತೆಯವರು ದಿನಾ ನೋವಿನ ಗುಳಿಗೆ ಅಥವಾ ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆಯೇ? ಹಾಗಿದ್ದರೆ ಹೊಟ್ಟೆಯ ರಕ್ಷಣೆಗೆ ಬೇಕಾಗಿಯೇ ಕೊಟ್ಟಿರಬಹುದು, ಬಿಡಿಸುವ ಮಾತೇ ಬೇರೆಯಾಗುತ್ತದೆ.

ಜೇವರ್ಗಿ ಸೊಸಿ

ಆಸ್ಪಿರಿನ್ ಇಲ್ರಿ. ನಾಳೆನೇ ಕರ್ಕೊಂಡು ಹೋಗ್ತೀನಿ. ಬಿಡ್ಸೋದು ಸುಲಭಿಲ್ಲ, ಮಿರ್ಚಿ ಭಜಿ ತಿಂದು ಗ್ಯಾಸ್ ಗುಳಿಗಿ ನುಂಗೋ ಮಂದಿ ನಮ್ಮನ್ಯಾಗ.

ಹಳೇ ಬಾವಿ

ಭಜಿ ಬಿಟ್ರ ಗುಳಿಗೀನೂ ಬ್ಯಾಡ, ತಪಾಸೂ ಬ್ಯಾಡ. ಇಷ್ಟು ಮಾತ್ರ ಎಲ್ಲಾರೂ ಒಪ್ರಿ.

ಮೆಡಿಕಲ್ ಕೌಂಟರ್

ಇದನ್ನ ಒಪ್ಪಿದೆ ಅಣ್ಣಾ. ಕಲಬುರಗಿಯಾಗ ಭಜಿ ಬಿಡ್ಸೋ ಧೈರ್ಯ ನನಗಿಲ್ಲ, ಆ ಮಾತು ಬ್ಯಾರೆ.

ಗ್ಯಾಸ್ ಗುಳಿಗಿ ಬಗ್ಗೆ ನಮ್ಮ ಕೌಂಟರಿನ ಮಾತು ಹೇಳ್ತೀನಿ. ರ‍್ಯಾಪರ್ ತೋರ್ಸಿ ಒಯ್ಯೋದ್ರಾಗ ಇದೇ ಮುಂದ. ಯಾಕ ತಗೋತೀರಿ ಅಂದ್ರ "ಬಾಕಿ ಗುಳಿಗಿ ಉಷ್ಣ ಆಗ್ತಾವ, ಅದಕ್ಕ" ಅಂತಾರ. ಬಿಪಿ ಗುಳಿಗಿಗಾಗ್ಲಿ, ಥೈರಾಯ್ಡ್ ಗುಳಿಗಿಗಾಗ್ಲಿ ಜೋಡಿ ಗ್ಯಾಸ್ ಗುಳಿಗಿ ಬೇಕಾಗಲ್ರಿ. ನೋವಿನ ಗುಳಿಗಿ, ಆಸ್ಪಿರಿನ್ ಮಾತು ಡಾಕ್ಟ್ರು ಹೇಳ್ಯಾರ. ನಾವು ಮಾರೋರು, ನಮಗ ಲಾಭಾನೇ. ಆದ್ರೂ ಹೇಳಾಕತ್ತೀನಿ.

ಭೀಮಾ ದಂಡಿ

ಬಿಪಿ ಗುಳಿಗಿ ಬಗ್ಗೆ ಯಾರೂ ಹೇಳ್ಲಿಲ್ಲಲ್ಲ. ಸೇಡಂ ರೋಡ್ ಅಣ್ಣಾರ ಅಪ್ಪಾರದು ಟೆಲ್ಮಿಸಾರ್ಟನ್-ಎಚ್ ಅದ. ಆ ಎಚ್ ಉಚ್ಚಿಗಿ ಹೋಗೋ ಗುಳಿಗಿ. ಅದ್ರ ಜೋಡಿ ಪೊಟ್ಯಾಸಿಯಂ ಹರಿದು ಹೋಗ್ತದ. ದಿನಾ ಎಳನೀರು, ಬಾಳಿಹಣ್ಣು ಕೊಡ್ರಿ.

ಓಪಿಡಿ ಚೀಟಿ

ಅರ್ಧ ಸರಿ, ಅರ್ಧ ಅಪಾಯ. ಎಚ್ ಅಂದರೆ ಹೈಡ್ರೋಕ್ಲೋರೋಥಯಜೈಡ್. ಅದು ಮೂತ್ರದ ಜೊತೆ ಪೊಟ್ಯಾಸಿಯಂ, ಸೋಡಿಯಂ, ಮೆಗ್ನೀಸಿಯಂ ಹೊರಗೆ ಹಾಕುತ್ತದೆ ನಿಜ. ಆದರೆ ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಹಿಡಿದಿಡುವ ಗುಳಿಗೆ. ಎರಡನ್ನೂ ಒಂದೇ ಗುಳಿಗೆಯಲ್ಲಿ ಕೊಟ್ಟಾಗ ತಕ್ಕಮಟ್ಟಿಗೆ ತೂಗಿಕೊಂಡು ಹೋಗುತ್ತದೆ. ಹಳೆಯ ಸಕ್ಕರೆ ಕಾಯಿಲೆಯವರ ಕಿಡ್ನಿ ಸ್ವಲ್ಪ ಸೋತಿದ್ದರೆ ಪೊಟ್ಯಾಸಿಯಂ ಹೊರಗೆ ಹೋಗದೆ ಏರುತ್ತದೆ, ಅಂಥವರಿಗೆ ದಿನಾ ಎಳನೀರು ಕುಡಿಸಿದರೆ ಹೃದಯಕ್ಕೇ ಕುತ್ತು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಯಾವುದೇ ಇದ್ದರೂ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಪೊಟ್ಯಾಸಿಯಂ ನೋಡದೆ ಎಳನೀರಿನ ಸಲಹೆ ಕೊಡಬೇಡಿ.

ನಮ್ಮ ಕಡೆ ನಾನು ಹೆಚ್ಚು ಹೆದರುವುದು ಸೋಡಿಯಂಗೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ವಯಸ್ಸಾದವರು ಮೂತ್ರದ ಗುಳಿಗೆ ನುಂಗಿ, ಬಿಪಿ ಎಂದು ಉಪ್ಪು ಪೂರ್ತಿ ಬಿಟ್ಟು, ಬೆವರಿ, ಬರೀ ನೀರು ಕುಡಿಯುತ್ತಿರುತ್ತಾರೆ. ನಾಲ್ಕು ದಿನದಲ್ಲಿ ಮಾತು ತೊದಲುತ್ತದೆ, ಮನೆಯವರ ಗುರುತು ಹತ್ತುವುದಿಲ್ಲ, ಮಂಪರು. ಮನೆಯವರು ಲಕ್ವ ಎನ್ನುತ್ತಾರೆ, ಕೆಲವರು ಬಿಸಿಲು ಬಡಿದಿದೆ ಎನ್ನುತ್ತಾರೆ. ರಕ್ತ ನೋಡಿದರೆ ಸೋಡಿಯಂ 115. ಇದು ತುರ್ತು ಸ್ಥಿತಿ, ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿ ಮಾಡುವುದಲ್ಲ.

ಹೃದಯ ಸೋತು ಕಾಲು ಬಾತವರಿಗೆ ಕೊಡುವ ಫ್ಯೂರೋಸಮೈಡ್ ಇನ್ನೂ ಜೋರು. ಅದರಿಂದ ಇವೆಲ್ಲದರ ಜೊತೆ ಬಿ1 ಕೂಡ ಹೋಗುತ್ತದೆ.

ಭೀಮಾ ದಂಡಿ

ಆಯ್ತು ಡಾಕ್ಟ್ರೆ, ಎಳನೀರಿನ ಮಾತು ವಾಪಸ್ ತಗೊಂಡೆ. ಕೊಲೆಸ್ಟ್ರಾಲ್ ಗುಳಿಗಿಗೆ ಕೋಕ್ಯೂ10 ತಗೋಬೇಕು ಅಂತ ವಾಟ್ಸಾಪಿನಾಗ ಬಂದದ. ಅದೂ ಸುಳ್ಳೇನು?

ಮೆಡಿಕಲ್ ಕೌಂಟರ್

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ತಗೊಂಡವ್ರ ರಕ್ತದಾಗ ಕೋಕ್ಯೂ10 (ಮೈಯಾಗೇ ತಯಾರಾಗೋ ಒಂದು ಪದಾರ್ಥ) ಇಳೀತದ ಅನ್ನೋದು ಖರೇ. ಅದನ್ನ ನುಂಗಿದ್ರ ಮೈಕೈ ನೋವು ಹೋಗ್ತದ ಅನ್ನೋದಕ್ಕ ಗಟ್ಟಿ ಆಧಾರ ಇಲ್ಲ. ಸ್ಟ್ರಿಪ್ ಬೆಲೆ ನೋಡಿದ್ರ ಹೌಹಾರ್ತೀರಿ. ಆ ರೊಕ್ಕದಾಗ ಹಾಲು ತಗೊಳ್ರಿ.

ಆಶಾ ತಾಯಿ

ನಾನು ಹಳ್ಳಿಯಾಗ ಆಶಾ ಕಾರ್ಯಕರ್ತಿ. ಟಿಬಿ ಗುಳಿಗಿ ಮಾತೂ ಬರ್ಲಿ. ಐಸೋನಿಯಾಜಿಡ್ ತಗೊಂಡ್ರ ಬಿ6 ಕಮ್ಮಿ ಆಗಿ ಕೈಕಾಲು ಜುಮ್ ಅಂತಾವ. ಅದಕ್ಕೇ ಟಿಬಿ ಗುಳಿಗಿ ಜೋಡಿ ಒಂದು ಸಣ್ಣ ಗುಳಿಗಿ, ಪಿರಿಡಾಕ್ಸಿನ್ 10 ಮಿಲಿಗ್ರಾಂ, ದಿನಾ ಕೊಡೋದು. ನಮ್ಮ ಮಂದಿ ಏನ್ ಮಾಡ್ತಾರ ಅಂದ್ರ, ದೊಡ್ಡ ಗುಳಿಗಿ ನುಂಗ್ತಾರ, ಈ ಸಣ್ಣದು "ತಾಕತ್ತಿಂದು, ಬಿಟ್ರ ನಡೀತದ" ಅಂತ ಡಬ್ಬಿಯಾಗೇ ಇಡ್ತಾರ. ನಾ ಮನಿಗೆ ಹೋದ್ರ ಮೊದ್ಲ ಅದನ್ನೇ ಎಣಿಸ್ತೀನಿ. ಕುಡಿಯೋ ಚಟ ಇದ್ದವರು, ಶುಗರ್ ಇದ್ದವರು, ಬಸುರಿದ್ದವರು, ಸೊರಗಿದವರು ಇವರಂತೂ ಈ ಸಣ್ಣ ಗುಳಿಗಿ ತಪ್ಪಿಸ್ಲೇಬಾರ್ದು.

ಊಟಕ್ಕ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ರೊಕ್ಕ ಮೊದ್ಲ ತಿಂಗಳಿಗೆ 500 ಇತ್ತು, 2024ರ ನವೆಂಬರಿನಿಂದ 1000 ಆಗ್ಯಾದ. ಬ್ಯಾಂಕ್ ಖಾತೆ ಜೋಡ್ಸಿರಲ್ಲ, ರೊಕ್ಕ ಬಂದಿಲ್ಲ ಅಂತಾರ. ನಿಮ್ಮ ಓಣ್ಯಾಗ ಯಾರರ ಇದ್ರ ಹೇಳ್ರಿ.

ಓಪಿಡಿ ಚೀಟಿ

ತಾಯಿ, ಡಬ್ಬಿ ಎಣಿಸುವ ನಿಮ್ಮ ಪದ್ಧತಿ ಎಲ್ಲರೂ ಕಲಿಯಬೇಕು. ಒಂದು ಮಾತು ಸೇರಿಸುತ್ತೇನೆ: ಬಿ6 ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತದೆ, ದೊಡ್ಡ ಡೋಸಿನಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡರೂ ಜೋಮು ಹಿಡಿಯುತ್ತದೆ. 10 ಬರೆದಿದ್ದರೆ 10. "ಹೆಚ್ಚು ತಾಕತ್ತು ಬರಲಿ" ಎಂದು 100ರ ಗುಳಿಗೆ ತಂದು ನುಂಗುವುದಲ್ಲ. ವಿಟಮಿನ್ ಡಿ ಕಥೆಯೂ ಇದೇ. 60,000 ಯೂನಿಟ್‌ನ ಪುಡಿ ವಾರಕ್ಕೊಮ್ಮೆ ಎಂದು ಬರೆದದ್ದನ್ನು ದಿನಾ ತೆಗೆದುಕೊಂಡು, ಕ್ಯಾಲ್ಸಿಯಂ ಏರಿ, ವಾಂತಿ, ಮಂಪರು, ಕಿಡ್ನಿ ತೊಂದರೆ ಹಚ್ಚಿಕೊಂಡು ಬರುವವರಿದ್ದಾರೆ.

ಸೇಡಂ ರೋಡ್

ರಿಪೋರ್ಟ್ ಬಂತು ನೋಡ್ರಿ. ಬಿ12 148. ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಛಲೋ ಅವ. ತೋರ್ಸಿದ್ವಿ. ಈ ಸಲ ಡಾಕ್ಟ್ರು ಕಾಲಿಗೆ ಟ್ಯೂನಿಂಗ್ ಫೋರ್ಕ್ ಹಚ್ಚಿ ನೋಡಿದ್ರು, ಹೆಬ್ಬೆರಳಿನಾಗ ನಡುಕ ಗೊತ್ತಾಗಲ್ಲ ಅಪ್ಪಾರಿಗೆ. ಸೂಜಿ ಶುರು ಮಾಡ್ಯಾರ, ಮೊದ್ಲ ದಿನ ಬಿಟ್ಟು ದಿನ, ಆಮ್ಯಾಲ ವಾರಕ್ಕೊಂದು. ಗ್ಯಾಸ್ ಗುಳಿಗಿ ಇಳ್ಸ್ಲಾಕ ಹೇಳ್ಯಾರ. ಮೆಟ್‌ಫಾರ್ಮಿನ್ ಹಂಗೇ ಇಟ್ಟಾರ. ಪೂರಾ ಆರಾಮ ಆಗ್ತದ ಏನ್ರಿ?

ಓಪಿಡಿ ಚೀಟಿ

ಪೂರ್ತಿ ಎಂದು ಯಾರೂ ಮಾತು ಕೊಡಲಾಗದು. ರಕ್ತದ ಅಂಕಿ ಬೇಗ ಏರುತ್ತದೆ, ನರ ನಿಧಾನ. ಮೂರರಿಂದ ಆರು ತಿಂಗಳು ಕಾದು ನೋಡಬೇಕು. ಮೊದಲ ವಾರಗಳಲ್ಲಿ ಉರಿ ಹೆಚ್ಚಾದಂತೆ ಅನಿಸಿದರೆ ಗಾಬರಿ ಬೇಡ, ಕೆಲವರಿಗೆ ಹಾಗಾಗುತ್ತದೆ. ಸಕ್ಕರೆಯಿಂದ ಆದ ಹಾನಿಯ ಪಾಲು ಉಳಿಯಬಹುದು. ಸೂಜಿ ಮುಗಿದ ಮೇಲೆ ಗುಳಿಗೆಯ ರೂಪದಲ್ಲಿ ಮುಂದುವರಿಸಬೇಕು. ಗುಳಿಗೆಯಲ್ಲಿರುವ ಬಿ12 ಬಿಡಿಯಾಗಿಯೇ ಇರುವುದರಿಂದ ಅದಕ್ಕೆ ಆಮ್ಲ ಬೇಕಿಲ್ಲ. 1000 ಮೈಕ್ರೋಗ್ರಾಂ ಕೊಟ್ಟರೆ ಶೇಕಡಾ 1ರಷ್ಟು ಹಾಗೇ ಒಳಗೆ ಹೋಗುತ್ತದೆ, ಅಷ್ಟೇ ದಿನಕ್ಕೆ ಧಾರಾಳ. ಮೆಟ್‌ಫಾರ್ಮಿನ್ ಇರುವವರೆಗೆ ಇದೂ ಇರಲಿ. ಕಾಲಿಗೆ ಸ್ಪರ್ಶ ಕಡಿಮೆ ಇರುವುದರಿಂದ ಬರಿಗಾಲಲ್ಲಿ ಹೊಲಕ್ಕೆ, ಗುಡಿಗೆ ಬಿಸಿ ಕಲ್ಲಿನ ಮೇಲೆ ನಡೆಯುವುದು ಬೇಡ. ರಾತ್ರಿ ಮಲಗುವ ಮುಂಚೆ ನೀವೇ ಅಂಗಾಲು ನೋಡಿ.

ಕಾಗಿನಾ ಹುಡುಗ

ನಮ್ಮ ತಂಗಿಗೆ ಸಣ್ಣಕಿದ್ದಾಗಿಂದ ಫಿಟ್ಸ್. ಫೆನಿಟಾಯಿನ್ ನಡದದ. ಮುಂದಿನ ಬ್ಯಾಸಗಿಗೆ ಲಗ್ನ. ಈಗ ಸೊಂಟ, ಬೆನ್ನು ನೋವು ಅಂತಾಳ. ಎಲ್ಲಾರೂ ಓದೋ ಜಾಗಾದಾಗ ಕೇಳ್ಬಾರ್ದಿತ್ತೇನೋ.

ಓಪಿಡಿ ಚೀಟಿ

ತಮ್ಮಾ, ಕೇಳಿದ್ದು ಒಳ್ಳೆಯದೇ ಆಯಿತು. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ಯಕೃತ್ತಿನ ಕಿಣ್ವಗಳನ್ನು ಚುರುಕು ಮಾಡುತ್ತವೆ, ಅವು ವಿಟಮಿನ್ ಡಿಯನ್ನು ಬೇಗ ಕರಗಿಸಿಬಿಡುತ್ತವೆ. ವರ್ಷಗಳು ಕಳೆದಂತೆ ಮೂಳೆ ಮೆತ್ತಗಾಗುತ್ತದೆ. ವಿಟಮಿನ್ ಡಿ, ಕ್ಯಾಲ್ಸಿಯಂ ಮಟ್ಟ ನೋಡಿಸಿ. ಫೋಲೇಟ್ ಕೂಡ ಇಳಿಯುತ್ತದೆ, ಅದು ಗರ್ಭದ ಮೊದಲ ವಾರಗಳಲ್ಲಿ ಮಗುವಿನ ಬೆನ್ನುಹುರಿಗೆ ಬೇಕೇ ಬೇಕು. ಅದಕ್ಕೆ ಮದುವೆಗೆ ಮುಂಚೆಯೇ ನರರೋಗ ತಜ್ಞರನ್ನು ಕಾಣಬೇಕು. ಗುಳಿಗೆ ಬದಲಿಸುವುದಿದ್ದರೆ ಈಗಲೇ ಬದಲಿಸುತ್ತಾರೆ, ಫೋಲಿಕ್ ಆಸಿಡ್ ಎಷ್ಟು ಎಂದು ಅವರೇ ಹೇಳುತ್ತಾರೆ. ನೀವಾಗಿಯೇ ಅಂಗಡಿಯಿಂದ ತಂದು ದೊಡ್ಡ ಡೋಸ್ ಶುರು ಮಾಡಬೇಡಿ. ಫೋಲಿಕ್ ಆಸಿಡ್ ಹೆಚ್ಚಾದರೆ ಫೆನಿಟಾಯಿನ್ ಮಟ್ಟ ಇಳಿದು ಫಿಟ್ಸ್ ಮತ್ತೆ ಬರಬಹುದು. ಮದುವೆ ಎಂದು ಮುಚ್ಚಿಟ್ಟು ಗುಳಿಗೆ ನಿಲ್ಲಿಸುವ ಮನೆಗಳಿವೆ, ದಯವಿಟ್ಟು ಹಾಗೆ ಮಾಡಬೇಡಿ.

ಮೆಡಿಕಲ್ ಕೌಂಟರ್

ಫೋಲಿಕ್ ಆಸಿಡ್ ಮಾತು ಬಂತಂತ ಇದೊಂದು ಹೇಳೇ ಬಿಡ್ತೀನಿ. ಕೀಲು ಬಾವಿಗೆ ಮೆಥೋಟ್ರೆಕ್ಸೇಟ್ ತಗೊಳ್ಳೋರು ಇದನ್ನ ಗಟ್ಟಿ ಓದ್ರಿ. ಅದು ವಾರಕ್ಕ ಒಂದೇ ದಿನ. ಅದು ಫೋಲೇಟ್ ಕೆಲಸ ತಡೀತದ, ಅದಕ್ಕೇ ಬ್ಯಾರೆ ದಿನ ಫೋಲಿಕ್ ಆಸಿಡ್ ಕೊಡೋದು. ಎರಡೂ ಹಳದಿ ಸಣ್ಣ ಗುಳಿಗಿ ಕಂಡ್ರ ಅದಲು ಬದಲಾಗ್ತಾವ. ಮೆಥೋಟ್ರೆಕ್ಸೇಟ್ ದಿನಾ ನುಂಗಿದ್ರ ಬಾಯಿ ಹುಣ್ಣಾಗಿ, ರಕ್ತ ಕಣ ಬಿದ್ದು ಜೀವಕ್ಕ ಬರ್ತದ. ನಾ ಸ್ಟ್ರಿಪ್ ಮ್ಯಾಲ ಪೆನ್ನಿಲೆ "ಸೋಮವಾರ ಮಾತ್ರ" ಅಂತ ದಪ್ಪಗ ಬರ್ದು ಕೊಡ್ತೀನಿ. ನಿಮ್ಮ ಮೆಡಿಕಲ್‌ದವ್ರಿಗೂ ಬರ್ಸ್ರಿ, ಓದಾಕ ಬರದವರಿದ್ರ ಆ ದಿನದ ಗುಳಿಗಿ ಮನ್ಯಾಗ ಒಬ್ರೇ ತೆಗೆದು ಕೊಡ್ರಿ.

ಮೊಣಕಾಲು ನೋವಿಗೆ ಚೀಟಿ ಇಲ್ದೆ ಪುಡಿ, ಕರಿ ಗುಳಿಗಿ ತಗೊಳ್ಳೋರು ಹುಷಾರಿರ್ರಿ. ಎರಡೇ ದಿನಕ್ಕ ಮಂತ್ರ ಹಾಕ್ದಂಗ ನೋವು ಹೋದ್ರ ಅದ್ರಾಗ ಸ್ಟೀರಾಯ್ಡ್ ಇರೋ ಸಾಧ್ಯತೆ ಹೆಚ್ಚು. ಮೂರು ತಿಂಗಳ ಮ್ಯಾಲ ನಡೆದ್ರ ಎಲುಬಿನಾಗಿನ ಕ್ಯಾಲ್ಸಿಯಂ ಕರಗ್ತದ, ಶುಗರೂ ಏರ್ತದ.

ಶಹಾಬಾದ್ ಟೀಚರ್

ಇಷ್ಟೆಲ್ಲ ಓದಿ ನನ್ನ ಡಬ್ಬಿ ತೆಗೆದು ನೋಡಿದೆ. ನನಗೆ ಥೈರಾಯ್ಡ್ ಗುಳಿಗೆ, ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಮೂರೂ ಇವೆ. ಶಾಲೆಗೆ ಹೋಗುವ ಗಡಿಬಿಡಿಯಲ್ಲಿ ಮೂರನ್ನೂ ಬೆಳಿಗ್ಗೆ ಒಂದೇ ಗುಟುಕಿಗೆ ನುಂಗಿ ಚಹಾ ಕುಡಿದು ಬಸ್ ಹಿಡಿಯುತ್ತೇನೆ. ಥೈರಾಯ್ಡ್ ಅಂಕಿ ಮಾತ್ರ ಇಳಿಯುತ್ತಿಲ್ಲ, ಪ್ರತಿ ಸಲ ಡೋಸ್ ಏರಿಸುತ್ತಾರೆ.

ಮೆಡಿಕಲ್ ಕೌಂಟರ್

ಟೀಚರ್, ಡೋಸ್ ಏರ್ಸೋದಕ್ಕಿಂತ ಮೊದ್ಲ ಹೊತ್ತು ಬದಲ್ಸ್ರಿ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಗುಳಿಗಿನ್ನ ಕರುಳಿನಾಗೇ ಹಿಡಿದು ಕಟ್ಟಿ ಹಾಕ್ತಾವ. ನಡುವ ನಾಲ್ಕು ತಾಸು ಅಂತರ ಬೇಕು. ಎದ್ದ ಕೂಡ್ಲೆ ಥೈರಾಯ್ಡ್ ಗುಳಿಗಿ ಬರೀ ನೀರಿಲೆ, ಅರ್ಧದಿಂದ ಒಂದು ತಾಸು ಏನೂ ಬ್ಯಾಡ, ಚಹಾನೂ ಬ್ಯಾಡ. ಕಬ್ಬಿಣ ಮಧ್ಯಾಹ್ನ, ಶಾಲಿಗೆ ಡಬ್ಬಿಯಾಗ ಒಯ್ಯಿರಿ, ಊಟದಾಗ ಲಿಂಬಿಹಣ್ಣು ಹಿಂಡ್ಕೊಳ್ರಿ. ಕ್ಯಾಲ್ಸಿಯಂ ರಾತ್ರಿ ಊಟದ ಜೋಡಿ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ಬ್ಯಾಡ, ಒಂದಕ್ಕೊಂದು ಅಡ್ಡ ಬರ್ತಾವ. ಹಿಂಗ ಆರು ವಾರ ತಪ್ಪದೆ ನಡ್ಸಿ ಥೈರಾಯ್ಡ್ ಅಂಕಿ ಅಂದ್ರ ಟಿಎಸ್‌ಎಚ್ ಮತ್ತೊಮ್ಮೆ ನೋಡ್ಸ್ರಿ. ಏರ್ಸಿದ ಡೋಸ್ ಆಗ ಹೆಚ್ಚಾಗಲೂಬಹುದು, ಡಾಕ್ಟ್ರಿಗೆ ಹೊತ್ತು ಬದಲ್ಸಿದ್ದು ಹೇಳ್ರಿ.

ಶಹಾಬಾದ್ ಟೀಚರ್

ಉಳಿದದ್ದೆಲ್ಲ ಆಗುತ್ತದೆ. ಮಧ್ಯಾಹ್ನ ಊಟ ಆದ ಕೂಡಲೇ ಸ್ಟಾಫ್ ರೂಮಿಗೆ ಚಹಾ ಬರುತ್ತದಲ್ಲ, ಅದಕ್ಕೇನು ಮಾಡಲಿ?

ಮೆಡಿಕಲ್ ಕೌಂಟರ್

ಕಬ್ಬಿಣದ ಗುಳಿಗಿ ನುಂಗಿ ಒಂದೆರಡು ತಾಸು ಚಹಾ ಬ್ಯಾಡ್ರಿ. ಕಡೀ ಪೀರಿಯಡ್ ಆದ್ಮ್ಯಾಲ ಕುಡೀರಿ.